ಯಾರ ಮೂಗಿಗೆ ಹತ್ತಿರ

ಶಿರಸಿ ಸೀಮೆಯ ಬಚ್ಚಲ ಒಲೆಗೆ ಬೇಡ ಎಂಬ ಮಾತೇ ಗೊತ್ತಿಲ್ಲ. ಅಡಿಕೆ ಸಿಪ್ಪೆ, ಸೋಗೆ, ತೆಂಗಿನ ಕರಟ, ಗಾಳಿಗೆ ಮುರಿದುಬಿದ್ದ ಹಲಸಿನ ಟೊಂಗೆ, ಹೋದ ವರ್ಷದ ಕ್ಯಾಲೆಂಡರು, ಏನು ಕೊಟ್ಟರೂ ಉರಿಸಿ ಹಂಡೆಯ ನೀರು ಕಾಯಿಸಿಕೊಡುತ್ತದೆ. ಹಿಂದೆ ಮನೆಯಲ್ಲಿ ಹುಟ್ಟುತ್ತಿದ್ದ ಕಸವೆಲ್ಲ ಸುಟ್ಟರೆ ಬೂದಿಯಾಗಿ ತೋಟಕ್ಕೆ ಸೇರುವಂಥದ್ದೇ. ಕಸ ಎಂದರೆ ಒಲೆಗೆ ಎಂಬ ಅಭ್ಯಾಸ ಹಾಗೆ ಕೈಗೆ ಕೂತಿತು. ಈಗ ಕಸ ಬೇರೆ, ಕೈ ಮಾತ್ರ ಅದೇ. ಆಷಾಢದ ಮಳೆಯಲ್ಲಿ ಕಟ್ಟಿಗೆ ಹಸಿಯಾಗಿ ಬೆಂಕಿ ಹತ್ತದಿದ್ದರೆ ಒಂದು ಹಾಲಿನ ಪ್ಲಾಸ್ಟಿಕ್ ಕೊಟ್ಟೆ ತುರುಕಿ ಕಡ್ಡಿ ಗೀರುವುದು ಎಷ್ಟೋ ಮನೆಗಳ ನಿತ್ಯವಿಧಿ. ಅದರ ಹಿಂದೆಯೇ ಚಿಪ್ಸಿನ ಪೊಟ್ಟಣ, ಹರಿದ ಚಪ್ಪಲಿ, ಶಾಂಪೂ ಚೀಟಿ.

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು, ಹಾಗಾಗಿ ಒಲೆಯ ಮುಂದೆಯೂ ಪಾಠ ಮಾಡುವ ಚಟ ಬಿಟ್ಟಿಲ್ಲ. ಎಲ್ಲ ಪ್ಲಾಸ್ಟಿಕ್ಕೂ ಒಂದೇ ಅಲ್ಲ. ಹಾಲಿನ ಕೊಟ್ಟೆ ಪಾಲಿಥೀನ್. ಉರಿದರೆ ಕಪ್ಪು ಮಸಿ, ಉಸಿರು ಕಟ್ಟುವ ಹೊಗೆ, ಅದರಲ್ಲಿ ಕ್ಯಾನ್ಸರ್ ತರಬಲ್ಲ ಹೈಡ್ರೋಕಾರ್ಬನ್‌ಗಳು. ಅದಕ್ಕಿಂತ ಕೆಟ್ಟದ್ದು ಪಿವಿಸಿ. ಪೈಪಿನ ತುಂಡು, ವಯರಿನ ಮೇಲಿನ ಸಿಪ್ಪೆ, ಹಳೆಯ ರೇನ್‌ಕೋಟು ಮತ್ತು ಈಗ ಎಲ್ಲೆಲ್ಲೂ ಕಾಣುವ ಫ್ಲೆಕ್ಸ್ ಬ್ಯಾನರು. ಚುನಾವಣೆಯೋ ಯಕ್ಷಗಾನವೋ ಮುಗಿದ ಮೇಲೆ ಬ್ಯಾನರು ನಮ್ಮ ಕೊಟ್ಟಿಗೆಗೆ ಬರುತ್ತದೆ, ಕಟ್ಟಿಗೆ ರಾಶಿಗೆ ಹೊದಿಕೆಯಾಗುತ್ತದೆ, ಬಿಸಿಲಿಗೆ ಪುಡಿಪುಡಿಯಾದ ಮೇಲೆ ಒಲೆ ಸೇರುತ್ತದೆ. ನಗುವ ಅಭ್ಯರ್ಥಿಯ ಮುಖ ಸುಡುವಾಗ ಒಂದು ಬಗೆಯ ಸಮಾಧಾನವೂ ಇರಬಹುದು, ಆದರೆ ಪಿವಿಸಿಯಲ್ಲಿ ಕ್ಲೋರಿನ್ ಇದೆ. ಕ್ಲೋರಿನ್ ಇರುವ ವಸ್ತು ಮನೆಯ ಒಲೆಯ ಅರೆಬರೆ ಉರಿಯಲ್ಲಿ ಬೆಂದಾಗ ಡಯಾಕ್ಸಿನ್ ಎಂಬ ವಿಷಗಳು ಹುಟ್ಟುತ್ತವೆ. ಕಡಲ ಬದಿಯವರಿಗೆ ಇನ್ನೊಂದು ಮಾತು: ಸಮುದ್ರದಲ್ಲಿ ತೇಲಿ ಬಂದ, ಉಪ್ಪು ಕುಡಿದ ಮರವನ್ನು ಸುಟ್ಟರೂ ಇದೇ ಕತೆ.

ಡಯಾಕ್ಸಿನ್ ಮೂಗಿನಿಂದ ಒಳಗೆ ಹೋಗುವುದು ಕಡಿಮೆ. ಹೊಗೆಯ ಜೊತೆ ಏರಿ ಹುಲ್ಲಿನ ಮೇಲೆ ಕೂರುತ್ತದೆ, ಹುಲ್ಲು ಹಸುವಿನ ಹೊಟ್ಟೆಗೆ ಹೋಗುತ್ತದೆ, ಹಸುವಿನ ಕೊಬ್ಬಿನಲ್ಲಿ ಸೇರಿ ಹಾಲಿಗೆ ಬರುತ್ತದೆ. ಮನುಷ್ಯರಿಗೆ ತಗಲುವ ಡಯಾಕ್ಸಿನ್‌ನಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲು ಆಹಾರದಿಂದಲೇ, ಅದರಲ್ಲೂ ಹಾಲು, ಮಾಂಸ, ಮೀನಿನ ಕೊಬ್ಬಿನಿಂದ ಬರುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಮ್ಮೆ ಮೈಗೆ ಸೇರಿದ್ದು ಅರ್ಧಕ್ಕೆ ಇಳಿಯಲು 7ರಿಂದ 11 ವರ್ಷ ಬೇಕು. ಮನೆಯ ಹಾಲು ಶುದ್ಧ ಎಂದು ನಾವು ಪೇಟೆಯವರ ಮುಂದೆ ಕೊಚ್ಚಿಕೊಳ್ಳುತ್ತೇವಲ್ಲ, ಆ ಶುದ್ಧಿಗೆ ಬಚ್ಚಲ ಹೊಗೆಯ ಲೆಕ್ಕವೂ ಸೇರಬೇಕು.

ಬೂದಿಯ ವಿಷಯ ಯಾರೂ ಎತ್ತುವುದಿಲ್ಲ. ನಮ್ಮಲ್ಲಿ ಒಲೆಯ ಬೂದಿ ಬಸಳೆ ಬುಡಕ್ಕೆ, ಬದನೆ ಸಸಿಗೆ, ಪಾತ್ರೆ ತಿಕ್ಕಲಿಕ್ಕೆ. ಕಟ್ಟಿಗೆಯ ಬೂದಿ ಒಳ್ಳೆಯ ಗೊಬ್ಬರವೇ. ಆದರೆ ಬಣ್ಣದ ಮುದ್ರಣವಿರುವ ಪ್ಲಾಸ್ಟಿಕ್ ಸುಟ್ಟ ಬೂದಿಯಲ್ಲಿ ಸೀಸ, ಕ್ಯಾಡ್ಮಿಯಂನಂಥ ಲೋಹಗಳು ಉಳಿಯಬಲ್ಲವು. ಲೋಹ ಸುಟ್ಟು ಹೋಗುವ ವಸ್ತುವಲ್ಲ, ಅದು ಬಸಳೆ ಬುಡಕ್ಕೆ ಹೋಗುತ್ತದೆ.

ಬಯಲಲ್ಲಿ ಕಸ ಸುಡಬಾರದೆಂದು ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳುತ್ತವೆ. ಹೇಳಲಿ. ತೋಟದ ಅಂಚಿನಲ್ಲಿ ಒಂದೊಂದಾಗಿ ಚದುರಿಕೊಂಡ ನಮ್ಮ ಮನೆಗಳಿಗೆ ಪಂಚಾಯ್ತಿಯ ಸ್ವಚ್ಛ ವಾಹಿನಿ ಬರುವುದು ಡಾಂಬರು ರಸ್ತೆ ಮುಗಿಯುವವರೆಗೆ. ಅಲ್ಲಿಂದ ಮನೆಗೆ ಒಂದು ದರೆ, ಒಂದು ಸಂಕ, ಒಂದಷ್ಟು ಕೆಸರು. ಹಾಗಾಗಿ ಕೊಟ್ಟೆಗಳನ್ನು ತೊಳೆದು ಒಣಗಿಸಿ ಗೋಣಿಚೀಲಕ್ಕೆ ಹಾಕಿಡುವುದು, ಯಾರಾದರೂ ಪೇಟೆಗೆ ಹೊರಟರೆ ಅವರ ಗಾಡಿಗೆ ಹೇರುವುದು ಎಂದು ಮಾಡಿಕೊಂಡಿದ್ದೇವೆ. ಬೆಂಕಿ ಹೊತ್ತಿಸಲಿಕ್ಕೆ ಒಣಗಿದ ತೆಂಗಿನ ಗೊನೆಕಡ್ಡಿ, ಒಂದು ಹನಿ ಹೊನ್ನೆಎಣ್ಣೆ. ಮಳೆಗಾಲಕ್ಕೆ ಮೊದಲೇ ಒಣ ಅಡಿಕೆ ಸಿಪ್ಪೆಯನ್ನು ಅಟ್ಟಕ್ಕೇರಿಸಿಟ್ಟರೆ ಹಾಲಿನ ಕೊಟ್ಟೆಯ ಗೊಡವೆಯೇ ಬೇಡ. ಇದರಲ್ಲಿ ದೊಡ್ಡ ತ್ಯಾಗ ಏನೂ ಇಲ್ಲ, ಮೇ ತಿಂಗಳಲ್ಲಿ ಸ್ವಲ್ಪ ಬೆನ್ನು ನೋವು.

ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಪರಿಸರದ ಅಪಾಯ ಎಂದರೇನೆಂದು ಹೊರಗಿನವರು ಬಂದು ಕಲಿಸಬೇಕಾಗಿಲ್ಲ. 1983ರಲ್ಲಿ ಸಾಲ್ಕಣಿಯ ಜನ ಕಡಿತ ತಡೆಯಲು ಕಾಡಿಗೆ ಹೋಗಿ ಮರ ಅಪ್ಪಿಕೊಂಡರು. ಕೈಗಾ ಅಣುಸ್ಥಾವರದ ವಿರುದ್ಧ ಡಾ. ಕುಸುಮಾ ಸೊರಬ ಊರೂರು ತಿರುಗಿದರು. ಅದೇ ವಿಷಯ ಹಿಡಿದು ಶಿವರಾಮ ಕಾರಂತರು 1989ರಲ್ಲಿ ಇಲ್ಲಿಂದ ಲೋಕಸಭೆಗೆ ನಿಂತರು. 1994ರ ಮೇ ತಿಂಗಳಲ್ಲಿ, ಇನ್ನೂ ಕಟ್ಟುತ್ತಿದ್ದಾಗಲೇ, ಒಂದನೆಯ ಘಟಕದ ಗುಮ್ಮಟದ ಒಳಪದರ ಕಳಚಿ ಬಿತ್ತು. ಹೆದರಿದವರು ಸುಮ್ಮನೆ ಹೆದರಿದ್ದಲ್ಲ ಎಂದು ಅವತ್ತು ಎಲ್ಲರಿಗೂ ಗೊತ್ತಾಯಿತು. ಆ ಪ್ರಶ್ನೆಗಳನ್ನು ಕೇಳಿದವರ ಬಗ್ಗೆ ನನಗೆ ಈಗಲೂ ಗೌರವವಿದೆ, ಇನ್ನೂ ಕೇಳುತ್ತಿರಬೇಕು ಎಂದೇ ನನ್ನ ಅಭಿಪ್ರಾಯ.

ಆದರೆ ಕೈಗಾ ವಿರೋಧದ ಸಭೆ ಮುಗಿಸಿ ಬಂದವರಿಗೆ ಚಹಾ ಕಾಯಿಸಿದ ಹೆಂಗಸು ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು, ಅದು ಯಾವ ಕರಪತ್ರದಲ್ಲೂ ಬರಲಿಲ್ಲ. ಪಾಠದ ಭಾಷೆಯಲ್ಲಿ ಹೇಳುವುದಾದರೆ, ಮೂಲ ಎಷ್ಟು ದೊಡ್ಡದು ಎಂಬುದು ದೇಹಕ್ಕೆ ತಿಳಿಯುವುದಿಲ್ಲ. ಒಳಗೆ ಎಷ್ಟು ಬಂತು, ಎಷ್ಟು ಹೊತ್ತು ಬಂತು, ಎಷ್ಟು ವರ್ಷ ಬಂತು, ಅಷ್ಟೇ ಅದರ ಲೆಕ್ಕ. ಅಣುಸ್ಥಾವರದಿಂದ ಸಾರ್ವಜನಿಕರಿಗೆ ವರ್ಷಕ್ಕೆ 1 ಮಿಲಿಸೀವರ್ಟ್ ಮೀರಿ ವಿಕಿರಣ ತಗಲಬಾರದು ಎಂಬ ಮಿತಿಯಿದೆ. ಮಣ್ಣು, ಕಲ್ಲು, ಆಕಾಶದಿಂದ ಭೂಮಿಯ ಮೇಲಿನ ಎಲ್ಲರಿಗೂ ಸರಾಸರಿ 2.4 ಮಿಲಿಸೀವರ್ಟ್ ಹೇಗೂ ಸಿಗುತ್ತದೆ. ಕೈಗಾದಲ್ಲಿ ವಿಕಿರಣ ಅಳೆಯಲಿಕ್ಕೆಂದೇ ಒಂದು ಪ್ರಯೋಗಾಲಯವಿದೆ. ನಮ್ಮ ಅಡುಗೆಮನೆಯಲ್ಲಿ ಅಳೆಯುವವರು ಯಾರು? ಗಾಳಿಯಲ್ಲಿ ತೇಲುವ ಅತಿಸಣ್ಣ ಕಣ, ಅಂದರೆ ಪಿಎಂ 2.5, ಒಂದು ಘನಮೀಟರಿಗೆ ವರ್ಷದ ಸರಾಸರಿ 5 ಮೈಕ್ರೋಗ್ರಾಂ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ನಮ್ಮ ದೇಶದ ಮಿತಿ 40. ಗಾಳಿಯಾಡದ ಕಟ್ಟಿಗೆ ಒಲೆಯ ಅಡುಗೆಮನೆಯಲ್ಲಿ ಇದು ಸಲ್ಲುವ ಮಟ್ಟದ ನೂರು ಪಟ್ಟಿಗೂ ಏರಬಲ್ಲದು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸತ್ತವರು ಸುಮಾರು 32 ಲಕ್ಷ ಎಂದು ಅದೇ ಸಂಸ್ಥೆಯ ಅಂದಾಜು. ಪಾರ್ಶ್ವವಾಯು, ಹೃದಯಾಘಾತ, ಶ್ವಾಸಕೋಶದ ಕಾಯಿಲೆ, ಮಕ್ಕಳ ನ್ಯುಮೋನಿಯಾ ಎಂಬ ಹೆಸರುಗಳಲ್ಲಿ ಅವು ದಾಖಲಾಗುತ್ತವೆ. ಹೊಗೆ ಎಂದು ಯಾವ ಮರಣಪತ್ರದಲ್ಲೂ ಬರೆಯುವುದಿಲ್ಲ.

ಈ ವಿಷಯದಲ್ಲಿ ಶಿರಸಿ ಹೆಮ್ಮೆಪಡಬೇಕಾದ ಸಂಗತಿಯೊಂದಿದೆ, ನಾವೇ ಮರೆತಿದ್ದೇವೆ. ಗೋಬರ್ ಗ್ಯಾಸ್ ದೇಶದ ಎಷ್ಟೋ ಕಡೆ ಕಟ್ಟಿಸಿ ಪಾಳು ಬಿದ್ದಾಗ ಈ ತಾಲೂಕಿನಲ್ಲಿ ಮಾತ್ರ ಮನೆಮನೆಯಲ್ಲಿ ಉರಿಯಿತು. ಬೆಂಗಳೂರಿನ ವಿಜ್ಞಾನಿಗಳು ಅದನ್ನು ಅಧ್ಯಯನ ಮಾಡಿ 2001ರಲ್ಲಿ ಪ್ರಬಂಧವನ್ನೇ ಬರೆದರು. ಕೊಟ್ಟಿಗೆ ತುಂಬ ದನ, ಹತ್ತಿರದಲ್ಲೇ ಮೇಸ್ತ್ರಿ, ಸಬ್ಸಿಡಿ, ಸಹಕಾರಿ ಸಂಘದ ಸಾಲ, ಸ್ಲರಿ ಬೇಡುವ ತೋಟ, ಎಲ್ಲ ಕೂಡಿ ಬಂದಿತ್ತು. ಈಗ ದನ ಇಳಿದಿವೆ, ಗುಂಡಿಗೆ ಸಗಣಿ ಸಾಲುತ್ತಿಲ್ಲ. ಸಿಲಿಂಡರು ಬಂದಿದೆ. ಅಡುಗೆಯ ಹೊಗೆ ಮಾತ್ರ ಪೂರ್ತಿ ಹೋಗಿಲ್ಲ: ಹಲಸಿನಹಣ್ಣಿನ ಕಡುಬು ಬೇಯಿಸಬೇಕಾದರೆ, ದನಕ್ಕೆ ಅಕ್ಕಚ್ಚು ಕಾಯಿಸಬೇಕಾದರೆ, ಶ್ರಾದ್ಧದ ಅಡುಗೆಗೆ, ಅಡಿಕೆ ಬೇಯಿಸುವ ಕಾಲಕ್ಕೆ ಮತ್ತೆ ಕಟ್ಟಿಗೆಯೇ.

ನಮ್ಮ ಅತ್ತೆ ಇದ್ದಾಗ ಚಿಮಣಿ ಹಾಕಿಸುವ ಮಾತು ಬಂದರೆ ಅವರದ್ದು ಒಂದೇ ವಾದ. "ಹೊಗೆ ತಾಗ್ದೇ ಇದ್ರೆ ಮಾಡಿನ ರೀಪು ಹುಳ ಹಿಡೀತು, ಮಾರಾಯ್ತಿ." ಅದು ಸುಳ್ಳಲ್ಲ. ಹೊಗೆ ಹಿಡಿದ ತೊಲೆ ಗಟ್ಟಿ, ಅಟ್ಟದ ಕೊಬ್ಬರಿಗೆ ಬೂಷ್ಟು ಬರುವುದಿಲ್ಲ. ಮನೆ ಉಳಿಸಲು ಅವರ ಕಣ್ಣು ಖರ್ಚಾಯಿತು ಎನ್ನುವುದು ನನ್ನ ವಾದವಾಗಿತ್ತು. ಹೊಗೆಗೂ ಕಣ್ಣಿನ ಪೊರೆಗೂ ಸಂಬಂಧವಿದೆ ಎಂದು ಓದಿ ಹೇಳಿದಾಗ ಅವರು ನಕ್ಕು, ಪೊರೆ ಬಂದದ್ದು ವಯಸ್ಸಿಗೆ ಎಂದರು. ಕಡೆಗೆ ಚಿಮಣಿ ಹಾಕಿದ ಅಸ್ತ್ರ ಒಲೆ ಬಂತು, ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರದವರು ರೂಪಿಸಿದ್ದು. ಕಟ್ಟಿಗೆ ಉಳಿಯುತ್ತದೆ ಎಂಬ ಕಾರಣಕ್ಕೆ ಒಪ್ಪಿದರು, ಉಸಿರಿನ ಕಾರಣಕ್ಕಲ್ಲ. ಯಾವ ಕಾರಣಕ್ಕಾದರೇನು. ಚಿಮಣಿಯ ಒಳಗಿನ ಮಸಿ ವರ್ಷಕ್ಕೆರಡು ಬಾರಿಯಾದರೂ ತೆಗೆಯದಿದ್ದರೆ ಹೊಗೆ ಹಿಂದಕ್ಕೆ ಬರುತ್ತದೆ, ಇದನ್ನು ಒಲೆ ಕಟ್ಟಿದವರು ಹೇಳಿ ಹೋಗುತ್ತಾರೆ, ಮನೆಯವರು ಮರೆಯುತ್ತಾರೆ.

ಬಾಣಂತಿ ಕೋಣೆಯ ಬಗ್ಗೆ ನನಗೆ ಸಿಟ್ಟೇ ಇದೆ. ಕಿಟಕಿ ಮುಚ್ಚಿ, ಅಗ್ಗಿಷ್ಟಿಕೆಯಲ್ಲಿ ಕೆಂಡ ಇಟ್ಟು, ಮಗುವಿಗೆ ಲೋಬಾನದ ಹೊಗೆ ಹಾಕಿ, ರಾತ್ರಿ ಸೊಳ್ಳೆಬತ್ತಿ ಹಚ್ಚಿ ಬಾಗಿಲು ಹಾಕುತ್ತಾರೆ. ಒಂದು ಸೊಳ್ಳೆಬತ್ತಿ ಪೂರ್ತಿ ಉರಿದರೆ ಹೊರಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟು ಸುಟ್ಟಷ್ಟು ಎಂದು 2003ರ ಅಧ್ಯಯನವೊಂದು ಲೆಕ್ಕ ಹಾಕಿತ್ತು. ಹುಟ್ಟಿ ಹದಿನೈದು ದಿನವಾಗದ ಶ್ವಾಸಕೋಶಕ್ಕೆ ಇದು ನಾವು ಕೊಡುವ ಉಡುಗೊರೆ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ. ಅದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಸೊಳ್ಳೆಪರದೆ ಕಟ್ಟಿ, ಒಂದು ಕಿಟಕಿ ತೆರೆದಿಡಿ. ಶೀತ ಆಗುತ್ತದೆ ಎಂದು ಹೆದರುವ ಹಿರಿಯರಿಗೆ ಕಂಬಳಿ ಇದೆ ಎಂದು ನೆನಪಿಸಿ. ಇದೇ ಕಾರ್ಬನ್ ಮೊನಾಕ್ಸೈಡು ಬಚ್ಚಲೊಳಗೆ ಕೂರಿಸಿದ ಗ್ಯಾಸ್ ಗೀಸರಿನಿಂದಲೂ ಬರುತ್ತದೆ. ಕಟ್ಟಿಗೆ ಬಿಟ್ಟು ಗೀಸರಿಗೆ ಹೋದವರು ಅದನ್ನು ಗೋಡೆಯ ಹೊರಗೆ ಕೂರಿಸಬೇಕು. ಬಾಗಿಲು ಹಾಕಿದ ಬಚ್ಚಲಲ್ಲಿ ಸ್ನಾನಕ್ಕೆ ಹೋದವರು ಹೊರಗೆ ಬರಲೇ ಇಲ್ಲ ಎಂಬ ಸುದ್ದಿ ಪ್ರತಿ ಚಳಿಗಾಲದಲ್ಲಿ ಪತ್ರಿಕೆಯಲ್ಲಿ ಇರುತ್ತದೆ.

ನನ್ನ ತವರು ಘಟ್ಟದ ಕೆಳಗೆ, ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ಸಮುದ್ರ ಸೇರುವ ಕಡೆ. ಅಲ್ಲಿಯ ಚಿಂತೆ ಬೇರೆ. ಉಪ್ಪುನೀರು ನುಗ್ಗುವ ಗಜನಿ ಗದ್ದೆಯ ಪಕ್ಕದ ಬಾವಿಗಳು ಏಪ್ರಿಲ್ ಬಂದರೆ ಉಪ್ಪಾಗುತ್ತವೆ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಉಪ್ಪು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಹೆಚ್ಚುತ್ತದೆ. ಬಾಂಗ್ಲಾದೇಶದ ಕರಾವಳಿಯಲ್ಲಿ ಉಪ್ಪು ನೀರು ಕುಡಿಯುವ ಗರ್ಭಿಣಿಯರಲ್ಲಿ ರಕ್ತದೊತ್ತಡ ಹೆಚ್ಚಿರುವುದನ್ನು ಸಂಶೋಧಕರು ಕಂಡಿದ್ದಾರೆ, ನಮ್ಮ ಕಡೆ ಬಿಪಿ ಮಾತ್ರೆ ಬರೆಯುವಾಗ ಯಾವ ಬಾವಿಯ ನೀರು ಎಂದು ಕೇಳಿದ್ದನ್ನು ನಾನು ನೋಡಿಲ್ಲ. ಮಳೆ ಹಿಡಿದ ಮೇಲೆ ಸಮಸ್ಯೆ ತಿರುಗುತ್ತದೆ: ಬಾವಿ ಬಾಯಿವರೆಗೆ ತುಂಬಿ ಹೊರಗಿನ ಕೊಳೆ ಒಳಗೆ. ಒಳ್ಳೆಯ ಬ್ಲೀಚಿಂಗ್ ಪೌಡರಾದರೆ ಸಾವಿರ ಲೀಟರಿಗೆ 2.5 ಗ್ರಾಂ ಸಾಕು, ಕಲಸಿ ತಿಳಿಯಾದ ನೀರನ್ನು ಬಾವಿಗಿಳಿಸಿ ಕನಿಷ್ಠ ಒಂದು ಗಂಟೆ ಬಿಡಬೇಕು. ರಾತ್ರಿ ಹಾಕಿ ಬೆಳಿಗ್ಗೆ ಸೇದಿದರೆ ಇನ್ನೂ ಒಳ್ಳೆಯದು. ಡಬ್ಬಿಯ ಬಾಯಿ ತೆರೆದಿಟ್ಟು ಗಂಟುಕಟ್ಟಿದ ಪೌಡರಿಗೆ ವಾಸನೆ ಇರುತ್ತದೆ, ಶಕ್ತಿ ಇರುವುದಿಲ್ಲ. ನಾಟಿ ಗದ್ದೆಯಲ್ಲಿ ಕಾಲು ಒಡೆದವರಿಗೆ ಇಲಿಜ್ವರದ ಭಯ. ಇಲಿ ಮೂತ್ರ ಬೆರೆತ ನೀರಿನಿಂದ ಗಾಯದ ಮೂಲಕ ರೋಗಾಣು ಒಳಗೆ ಹೋಗುತ್ತದೆ, ಜ್ವರ ಬಂದಾಗ ಗದ್ದೆಗಿಳಿದಿದ್ದೆ ಎಂದು ಡಾಕ್ಟರಿಗೆ ತಾವಾಗಿ ಹೇಳುವುದೇ ಅರ್ಧ ಚಿಕಿತ್ಸೆ.

ಸ್ವಲ್ಪ ಉತ್ತರಕ್ಕೆ ಹೋದರೆ ಅಂಕೋಲಾ. 2010ರ ಸುಮಾರಿಗೆ ಬಳ್ಳಾರಿಯ ಅದಿರು ಬೇಲೇಕೇರಿ ಬಂದರಿಗೆ ಲಾರಿಗಳಲ್ಲಿ ಹರಿಯುತ್ತಿದ್ದಾಗ ಹೆದ್ದಾರಿ ಬದಿಯ ಮನೆಗಳ ಹಂಚು, ಎಲೆ, ಒಣಹಾಕಿದ ಬಟ್ಟೆ ಎಲ್ಲ ಒಂದೇ ಬಣ್ಣ. ಅದಿರಿನ ಹಗರಣದ ಬಗ್ಗೆ ವರದಿ ಬಂತು, ಕೋಟಿಗಳ ಲೆಕ್ಕ ಬಂತು. ಆ ದೂಳನ್ನು ಉಸಿರಾಡಿದವರ ಲೆಕ್ಕ ಬರಲಿಲ್ಲ.

ಸಿಮೆಂಟ್ ಶೀಟು ಮತ್ತು ಬಣ್ಣದ ಬಗ್ಗೆ ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಕೊಟ್ಟಿಗೆಯ ಮೇಲಿನ ಬೂದು ಶೀಟಿನಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರುತ್ತದೆ. ಸುಮ್ಮನಿದ್ದರೆ ಅದರಿಂದ ತಕ್ಷಣದ ತೊಂದರೆ ಕಡಿಮೆ. ಕೊಯ್ದಾಗ, ತೂತು ಕೊರೆದಾಗ, ಪಾಚಿ ತೆಗೆಯಲೆಂದು ಉಜ್ಜಿದಾಗ ಎದ್ದ ಎಳೆ ಶ್ವಾಸಕೋಶದಲ್ಲಿ ಕೂತು ಹಲವು ದಶಕಗಳ ಮೇಲೆ ಕಾಯಿಲೆಯಾಗಬಹುದು. ಒಡೆಯಲೇಬೇಕಾದರೆ ನೀರು ಸುರಿದು ಒದ್ದೆ ಮಾಡಿ, ಚೂರುಗಳನ್ನು ದಾರಿಯ ಹೊಂಡಕ್ಕೆ ತುಂಬಬೇಡಿ. ಮನೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ 2017ರ ನವೆಂಬರಿನಿಂದ ಜಾರಿಯಲ್ಲಿದೆ. ಅಂದರೆ ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಹೆಚ್ಚಿರಬಹುದು, ಅಜ್ಜನ ಕಾಲದ ಹಸಿರು ಬಾಗಿಲನ್ನು ಮರಳುಕಾಗದ ಹಾಕಿ ಒಣ ಉಜ್ಜುವಾಗ ಮಕ್ಕಳು ಆ ಜಗುಲಿಯಲ್ಲಿ ಇರಬಾರದು.

ಈಗ ಬೆಟ್ಟ. ಸೊಪ್ಪಿನ ಬೆಟ್ಟ ಇಲ್ಲದೆ ನಮ್ಮ ತೋಟವಿಲ್ಲ. ಜನವರಿಯಿಂದ ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸುವ ಕೆಲಸ, ಬಹುಪಾಲು ಹೆಂಗಸರದ್ದು. ಅದೇ ತಿಂಗಳುಗಳಲ್ಲಿ ಒಣಗಿದೆಲೆಯ ನಡುವೆ ಸಾಸಿವೆಗಿಂತ ಸಣ್ಣ ಉಣುಗಿನ ಮರಿಗಳು ಹರಿದಾಡುತ್ತವೆ. ಮಂಗನ ಕಾಯಿಲೆಯ ವೈರಸ್ಸು ಹೊತ್ತುಕೊಂಡು ಬರುವುದು ಅವೇ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಕಾಯಿಲೆ ಪಕ್ಕದ ಸಿದ್ದಾಪುರಕ್ಕೆ ಬಂದು ಕೂತಿದೆ, 2024ರಲ್ಲಿ ಅಲ್ಲಿ ಬಹಳ ಜನ ಮಲಗಿದರು. ಹಳೆಯ ಲಸಿಕೆಯ ಬಳಕೆ ನಿಂತಿದೆ, ಕಾಯಿಲೆಗೆ ನಿರ್ದಿಷ್ಟ ಔಷಧಿಯಿಲ್ಲ. ಉಳಿದದ್ದು ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ. ಅದನ್ನು ಕೈಕಾಲಿಗೆ ಹಚ್ಚಿಕೊಂಡೇ ಬೆಟ್ಟ ಹತ್ತಬೇಕು, ಬೆವರಿದ ಮೇಲೆ ಮತ್ತೆ ಹಚ್ಚಬೇಕು, ನೆಲಕ್ಕೆ ಕೂರಬಾರದು, ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ ಮೀಯಬೇಕು, ಮಂಗ ಸತ್ತದ್ದು ಕಂಡರೆ ಹತ್ತಿರ ಹೋಗದೆ ಆಸ್ಪತ್ರೆಗೆ ತಿಳಿಸಬೇಕು. ಕೆಲಸದ ಹೆಂಗಸರು ಎಣ್ಣೆ ಅಂಟು, ವಾಸನೆ ಎಂದು ಬೇಡವೆನ್ನುತ್ತಾರೆ ಎಂಬುದು ಎಲ್ಲ ತೋಟದ ಯಜಮಾನರ ದೂರು. ಬೆಟ್ಟದಿಂದ ಇಳಿದ ಮೇಲೆ ಅವರಿಗೆ ಮೀಯಲು ಬಿಸಿನೀರು ಯಾವ ಯಜಮಾನರ ಮನೆಯಲ್ಲಿ ಇಟ್ಟಿರುತ್ತಾರೆ ಎಂದು ನಾನು ಕೇಳಿದರೆ ಮಾತು ಮಳೆಯ ಕಡೆಗೆ ತಿರುಗುತ್ತದೆ.

ಅದೇ ನೀರಿನ ಪ್ರಶ್ನೆ ಮದ್ದು ಹೊಡೆಯುವ ಕಾಲಕ್ಕೆ ಇನ್ನೂ ತೀಕ್ಷ್ಣವಾಗುತ್ತದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ನಮ್ಮ ಅಡಿಕೆ ನಾಡಿನ ಪಂಚಗವ್ಯ. ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕಳೆದ ಶತಮಾನದ ಆರಂಭದಲ್ಲಿ ಕೊಳೆಯನ್ನು ಅಧ್ಯಯನ ಮಾಡಿ ಇದನ್ನು ತೋಟಕ್ಕೆ ತಂದರು. ಅದಕ್ಕೆ ಮೊದಲು ಮಳೆ ತಾಗದಂತೆ ಗೊನೆಗೊನೆಗೆ ಹೊದಿಕೆಯ ಕೊಟ್ಟೆ ಕಟ್ಟುತ್ತಿದ್ದರು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಹದ ನೋಡಲು ಉಜ್ಜಿದ ಕತ್ತಿಯನ್ನು ಅದ್ದಿ ತಾಮ್ರದ ಬಣ್ಣ ಹಿಡಿದರೆ ಇನ್ನಷ್ಟು ಸುಣ್ಣ. ಮಳೆಗೆ ಮೊದಲೊಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಮತ್ತೊಮ್ಮೆ. ಇದು ಹಳೆಯದು, ಎಲ್ಲರೂ ಬಳಸುವುದು, ಸಾವಯವ ಕೃಷಿಕರೂ ಮಿತಿಯಲ್ಲಿ ಬಳಸುವುದು, ಹಾಗಾಗಿ ನಿರಪಾಯ ಎಂದೇ ನಂಬಿಕೆ. ತಿನ್ನುವವರಿಗೆ ಬಹುಮಟ್ಟಿಗೆ ಹೌದು. ಹೊಡೆಯುವವನಿಗೆ? ಪೋರ್ಚುಗಲ್‌ನ ದ್ರಾಕ್ಷಿ ತೋಟಗಳಲ್ಲಿ ವರ್ಷಗಟ್ಟಲೆ ಇದೇ ದ್ರಾವಣ ಹೊಡೆದವರ ಶ್ವಾಸಕೋಶದಲ್ಲಿ ತಾಮ್ರ ಕೂತು ಗಾಯದ ಗಂಟುಗಳಾದದ್ದನ್ನು ಅಲ್ಲಿನ ವೈದ್ಯರು 1969ರಲ್ಲಿ ವರದಿ ಮಾಡಿದರು. ದ್ರಾಕ್ಷಿ ಬಳ್ಳಿ ಎದೆ ಮಟ್ಟ. ಮರ ಹತ್ತಿ ಮದ್ದು ಹೊಡೆಯುವ ನಮ್ಮ ಕೊನೆಗೌಡ ಐವತ್ತು ಅಡಿ ಮೇಲೆ ಗೊನೆಯ ಪಕ್ಕದಲ್ಲೇ ಮುಖ ಇಟ್ಟಿರುತ್ತಾನೆ. ಈಗ ಕಾರ್ಬನ್ ಫೈಬರ್ ದೋಟಿ ಬಂದು ನೆಲದಿಂದಲೇ ಹೊಡೆಯುತ್ತಾರೆ, ಬೀಳುವ ಭಯ ತಪ್ಪಿತು, ಆದರೆ ಹೊಡೆದ ಮಂಜು ತಲೆ ಎತ್ತಿ ನೋಡುವವನ ಮುಖದ ಮೇಲೆಯೇ ಇಳಿಯುತ್ತದೆ. ಸುಣ್ಣ ಕಣ್ಣಿಗೆ ಬಿದ್ದರೆ ಉಜ್ಜದೆ, ಕಾಲು ಗಂಟೆಯಾದರೂ ನೀರು ಸುರಿಯುತ್ತ ತೊಳೆದು ಡಾಕ್ಟರ ಬಳಿ ಹೋಗಬೇಕು. ಇದನ್ನು ಮದ್ದು ಕಲಸುವ ಡ್ರಮ್ಮಿನ ಪಕ್ಕದಲ್ಲಿ ಬರೆದು ಅಂಟಿಸಬಹುದು.

ಮಾಸ್ಕು ತಂದುಕೊಟ್ಟಾಗ ನಮ್ಮಲ್ಲಿಗೆ ಬರುವ ಕೊನೆಗೌಡ ನಯವಾಗಿಯೇ ತಿರಸ್ಕರಿಸಿದ. "ಅದ ಹಾಕ್ಕಂಡ್ರೆ ಉಸ್ರ ಕಟ್ತದ್ರಾ ಅಮ್ಮಾ, ಅರ್ಧ ಮರಕ್ಕೇ ಸುಸ್ತಾಗ್ತದೆ." ಜೂನಿನ ಸೆಕೆಯಲ್ಲಿ ಮರ ಹತ್ತುವವನಿಗೆ ಮಾಸ್ಕಿನ ಉಪದೇಶ ಮಾಡುವುದು ಅಂಗಳದಲ್ಲಿ ನಿಂತವರಿಗೆ ಸುಲಭ. ಹಾಗಾದರೆ ನಿನಗೆ ಏನು ಬೇಕು ಎಂದು ಕೇಳಿದೆ. ಕನ್ನಡಕ ಬೇಕು, ಮಂಜು ಹಿಡಿಯದ್ದು. ಗಾಳಿ ಬೀಸುವಾಗ ಹೊಡೆಯದೆ ಕೂತರೂ ದಿನದ ಸಂಬಳ ಕೊಡಬೇಕು. ಮತ್ತೆ ನೀಲಿ ಹಿಡಿದ ಅಂಗಿಯಲ್ಲೇ ಮನೆಗೆ ಹೋಗಿ ಮಗಳನ್ನು ಎತ್ತಿಕೊಳ್ಳುವುದು ಅವನಿಗೂ ಇಷ್ಟವಿಲ್ಲ, ಇಲ್ಲೇ ಮಿಂದು ಬೇರೆ ಅಂಗಿ ಹಾಕಿಕೊಂಡು ಹೋಗುವಂತಾದರೆ ಒಳ್ಳೆಯದು. ಮೂರರಲ್ಲಿ ಎರಡಕ್ಕೆ ದುಡ್ಡು ಸಾಕು. ಮೂರನೆಯದಕ್ಕೆ ಮನೆಯಲ್ಲಿ ಒಂದು ಸಣ್ಣ ಮಹಾಭಾರತವೇ ಆಯಿತು, ಯಾರು ಯಾರ ಬಚ್ಚಲಲ್ಲಿ ಮೀಯಬಹುದು ಎಂಬುದು ನಮ್ಮ ಮನೆಗಳಲ್ಲಿ ಶುದ್ಧ ವಿಜ್ಞಾನದ ವಿಷಯವಲ್ಲವಲ್ಲ. ಕೊಟ್ಟಿಗೆಯ ಹಿಂದೆ ನಲ್ಲಿ ಎಳೆದು, ಕಲ್ಲು ಹಾಸಿ, ಮರೆ ಕಟ್ಟಿ ಕೊಟ್ಟದ್ದು ರಾಜಿ. ಅದು ರಾಜಿ ಎಂದು ನನಗೂ ಗೊತ್ತು, ಅವನಿಗೂ ಗೊತ್ತು. ಅವನ ಬಟ್ಟೆಯನ್ನು ಅವನ ಹೆಂಡತಿ ಈಗ ಮಕ್ಕಳ ಬಟ್ಟೆಯ ಜೊತೆ ತೊಳೆಯುತ್ತಿಲ್ಲ ಎಂಬಷ್ಟು ಮಾತ್ರ ಲಾಭ.

ಬೋರ್ಡೋ ಇದ್ದದ್ದರಲ್ಲಿ ಸಾತ್ವಿಕ. ಅಂಗಡಿಯ ಬಾಟಲಿಗಳ ಮೇಲೆ ಬಣ್ಣದ ತ್ರಿಕೋನ ಇರುತ್ತದೆ, ನೋಡಿ ಕೊಳ್ಳಬೇಕು: ಕೆಂಪಾದರೆ ಅತಿ ವಿಷ, ಆಮೇಲೆ ಹಳದಿ, ನೀಲಿ, ಕಡೆಗೆ ಹಸಿರು. ಕರಾವಳಿಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಕಾಲದಲ್ಲಿ ಕೆಳಗೆ ಬಾವಿ, ಶಾಲೆ, ಅಂಗಳ ಇತ್ತು. ಸುಪ್ರೀಂ ಕೋರ್ಟು ಅದನ್ನು ತಡೆದದ್ದು 2011ರಲ್ಲಿ. ಸಂತ್ರಸ್ತರಿಗೆ ಕೊಡುವ ಮಾಸಾಶನದ ಪಟ್ಟಿಯಲ್ಲಿ ನಮ್ಮ ಜಿಲ್ಲೆಯವರೂ ಇದ್ದಾರೆ.

ಇಷ್ಟೆಲ್ಲ ಬರೆದು ಅಡಿಕೆಯ ಬಗ್ಗೆ ಸುಮ್ಮನಿದ್ದರೆ ಓದುವವರು ನಗುತ್ತಾರೆ. ಚಿಮಣಿಗೆ, ನಲ್ಲಿಗೆ, ಕನ್ನಡಕಕ್ಕೆ ದುಡ್ಡು ಬಂದದ್ದು ಅಡಿಕೆಯಿಂದ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ 2004ರಲ್ಲಿ ಅಡಿಕೆಯನ್ನು, ತಂಬಾಕಿಲ್ಲದ ಕವಳವನ್ನೂ ಅಂದರೆ ಎಲೆಅಡಿಕೆಯನ್ನೂ ಸೇರಿಸಿ, ಮೊದಲನೆಯ ಗುಂಪಿಗೆ ಹಾಕಿತು. ಮೊದಲನೆಯ ಗುಂಪು ಎಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂಬುದಕ್ಕೆ ಸಾಕ್ಷ್ಯ ಸಾಕಷ್ಟಿದೆ ಎಂದರ್ಥ, ಎಷ್ಟು ಜೋರಾಗಿ ತರುತ್ತದೆ ಎಂದು ಆ ಪಟ್ಟಿ ಹೇಳುವುದಿಲ್ಲ. ಈ ವ್ಯತ್ಯಾಸವನ್ನು ನಮ್ಮ ಕಡೆಯ ಸಭೆಗಳಲ್ಲಿ ಬಹಳ ಚೆನ್ನಾಗಿ ವಿವರಿಸುತ್ತಾರೆ. ಆದರೆ ದವಡೆ ಬಿಗಿಯುವ ಕಾಯಿಲೆ ಮುಖ್ಯವಾಗಿ ಅಡಿಕೆಯಿಂದಲೇ ಬರುವುದು ಎಂಬುದನ್ನು ಅದೇ ಸಭೆಗಳಲ್ಲಿ ಯಾರೂ ವಿವರಿಸುವುದಿಲ್ಲ. ಬಾಯಿ ತೆರೆದು ಮೂರು ಬೆರಳು ನೆಟ್ಟಗೆ ಒಂದರ ಮೇಲೊಂದು ಹಿಡಿಸದಿದ್ದರೆ, ಖಾರ ತಾಗಿದರೆ ಉರಿದರೆ, ಕೆನ್ನೆಯ ಒಳಗೆ ಬಿಳಿ ಕಂಡರೆ ಹಲ್ಲಿನ ಡಾಕ್ಟರಿಗೆ ತೋರಿಸಬೇಕು. ಗುಟ್ಕಾ ತಿನ್ನುವ ಹುಡುಗರಿಗೆ ಇದು ವರ್ಷಗಳಲ್ಲಿ ಬರುತ್ತದೆ, ಕವಳದವರಿಗೆ ತಡವಾಗಿ.

ನಮ್ಮ ಮನೆಯವರು ಇದನ್ನು ಒಪ್ಪುವುದಿಲ್ಲ. "ಅಜ್ಜ ತೊಂಬತ್ತು ವರ್ಷದವರೆಗೆ ಕವಳ ಹಾಕಿದ್ದ, ಎಂತ ಆತು?" ಎನ್ನುತ್ತಾರೆ. ಅಜ್ಜನಿಗೆ ಏನೂ ಆಗಲಿಲ್ಲ, ನಿಜ. ನಾನು ಇಷ್ಟರ ಮಟ್ಟಿಗೆ ಗೆದ್ದಿದ್ದೇನೆ: ಮೂರು ಬೆರಳಿನ ಪರೀಕ್ಷೆಗೆ ಅವರು ಬಾಯಿ ತೆರೆಯುತ್ತಾರೆ, ಗೊಣಗುತ್ತಲಾದರೂ, ಮತ್ತು ಜಗುಲಿಯ ಕವಳದ ಹರಿವಾಣದಲ್ಲಿ ತಂಬಾಕಿನ ಎಸಳು ಇಡುವುದನ್ನು ನಿಲ್ಲಿಸಿದ್ದೇನೆ. ಬಂದ ನೆಂಟರು ಎಲೆ ಬಿಡಿಸಿ ಸುಣ್ಣ ಹಚ್ಚಿ, ಕೈಯಾಡಿಸಿ, "ಹೊಗೆಸೊಪ್ಪು ಎಲ್ಲೋತೇ ತಂಗೀ?" ಎಂದು ಕೇಳುತ್ತಾರೆ. ಅಂಗಡಿ ಸರ್ಕಲ್ಲಿನಲ್ಲಿದೆ, ಎಂಟು ಗಂಟೆಯವರೆಗೆ ತೆರೆದಿರುತ್ತದೆ ಎಂದು ಹೇಳುತ್ತೇನೆ.